ಕೋಳಿಕಾಲಿನ ಗುರುತು

ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಫೌಂಡ್ರಿಯ ಫೋರ್‌ಮನ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಅದು ಖರೇ. ಸುಳ್ಳು ಹೇಳುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಸೇರುವಾಗ ನನಗೆ ಅದು ಗೊತ್ತಿರಲಿಲ್ಲ. ಹುದ್ದೆಯ ಹೆಸರು ಚೆಕರ್ ಎಂದಿತ್ತು. ಆ ಹೆಸರು ಕೇಳಿದ್ದೇ ತಡ, ಮಗ ರೈಲಿನಲ್ಲಿ ಟಿಕೆಟ್ ನೋಡುವ ಸಾಹೇಬನಾದ ಎಂದು ನನ್ನ ಅವ್ವ ಓಣಿಯ ತುಂಬ ಸಕ್ಕರೆ ಹಂಚಿ ಬಂದಿದ್ದಳು. ಅದನ್ನು ತಿದ್ದಲು ನನಗೆ ಒಂದು ವರ್ಷ ಬೇಕಾಯಿತು.

ಎಮರ್ಜೆನ್ಸಿ ಮುಗಿದು ಎರಡು ಮೂರು ವರ್ಷವಾಗಿತ್ತು. ನಾನು ಖಾನಾಪುರದವನು, ಎಸ್ಸೆಸ್ಸೆಲ್ಸಿ ಪಾಸಾದವನು, ಇಸ್ತ್ರಿ ಮಾಡಿದ ಎರಡು ಅಂಗಿ ಉಳ್ಳವನು. ಮಚ್ಛೆಯ ಒಂದು ಸಣ್ಣ ಫೌಂಡ್ರಿಗೆ ಇಷ್ಟು ಅರ್ಹತೆ ಸಾಕಾಗಿತ್ತು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದರು. ಆರು ತಿಂಗಳಾದ ಮೇಲೆ ಇನ್ನೂ ಸರಿಯಾಗಿ ನೋಡಿಲ್ಲ ಎಂದರು.

ಅಲ್ಲಿ ನೀರೆತ್ತುವ ಪಂಪಿನ ಹೊರಮೈಯನ್ನು ಎರಕ ಹೊಯ್ಯುತ್ತಿದ್ದರು. ಮೋಲ್ಡರ್‌ಗಳು ಒದ್ದೆ ಉಸುಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬಡಿದು ಬಡಿದು ಅಚ್ಚು ಮಾಡುವರು. ಮಧ್ಯಾಹ್ನ ಭಟ್ಟಿ ಹೊತ್ತಿಸಿ, ಕರಗಿದ ಕಬ್ಬಿಣವನ್ನು ತಂದು ಆ ಅಚ್ಚುಗಳಿಗೆ ಸುರಿಯುವರು. ಅಲ್ಲಿಯವರ ಬಾಯಲ್ಲಿ ಅದು ರಸ. ಮರುದಿನ ಬೆಳಿಗ್ಗೆ ಉಸುಕು ಒಡೆದರೆ ಪಂಪಿನ ಹೊಟ್ಟೆ ಹೊರಬೀಳುತ್ತಿತ್ತು. ನನ್ನದು ಕನ್ಯಾ ನೋಡಲು ಬಂದ ಬೀಗರ ಕೆಲಸ. ಸುತ್ತ ತಿರುಗಿಸಿ ನೋಡಬೇಕು, ಸಣ್ಣ ಸುತ್ತಿಗೆಯಿಂದ ಬಡಿದು ದನಿ ಕೇಳಬೇಕು, ಕೊನೆಗೆ ಏನಾದರೂ ಒಂದು ಐಬು ಹುಡುಕಿ ಬೇಡ ಎನ್ನಬೇಕು.

ಹಾಳಾದ ತುಂಡು ಯಾರು ಮಾಡಿದ್ದೆಂದು ತಿಳಿಯಲು ಒಂದು ಪದ್ಧತಿ ಇತ್ತು. ಪೆಟ್ಟಿಗೆ ಮುಚ್ಚುವ ಮೊದಲು ಪ್ರತಿ ಮೋಲ್ಡರ್ ತನ್ನ ಕರಣಿಯ ತುದಿಯಿಂದ ಉಸುಕಿನ ಮೇಲೆ ಒಂದು ಗುರುತು ಗೀರಬೇಕು. ಅದು ಕಬ್ಬಿಣದ ಮೇಲೆ ಉಬ್ಬಿ ಮೂಡುತ್ತಿತ್ತು. ಇದ್ದ ಇಪ್ಪತ್ತು ಮೋಲ್ಡರ್‌ಗಳಲ್ಲಿ ಅರ್ಧ ಜನ ಕನ್ನಡ ಓದುವವರು, ಉಳಿದವರಲ್ಲಿ ಕೆಲವರು ಮರಾಠಿ ಓದುವವರು, ಮಿಕ್ಕವರು ಸಾಲಿಯ ಕಟ್ಟೆಯನ್ನೂ ಹತ್ತದವರು. ಆದ್ದರಿಂದ ಗುರುತುಗಳೆಲ್ಲ ಚಿತ್ರಗಳು: ಮೆಣಸಿನಕಾಯಿ, ಅರ್ಧಚಂದ್ರ, ಕುಡಗೋಲು, ಎರಡು ಚುಕ್ಕೆ. ಕ್ರಮೇಣ ಮನುಷ್ಯರಿಗೂ ಅವೇ ಹೆಸರಾದವು. ಮೆಣಸಿನಕಾಯಿಗೆ ಜ್ವರ ಬಂದಿದೆಯಂತೆ, ಕುಡಗೋಲಿನ ಮದುವೆ ನಿಕ್ಕಿಯಾಯಿತಂತೆ ಎಂದು ನಾವು ನಗದೆ ಮಾತಾಡುತ್ತಿದ್ದೆವು.

ಗೇಟಿನ ಒಳಗೆ ಒಂದು ಕರಿ ಬೋರ್ಡು. ಅದರ ಮೇಲೆ ಇಪ್ಪತ್ತು ಚಿತ್ರ. ಹಾಳಾದ ತುಂಡಿಗೊಂದರಂತೆ ಆಯಾ ಚಿತ್ರದ ಕೆಳಗೆ ನಾನು ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಬೇಕು. ವಾರಕ್ಕೆ ಐದು ಗೆರೆ ದಾಟಿದರೆ ಫೋರ್‌ಮನ್ನನ ಬೈಗುಳ, ತೀರಾ ಹೆಚ್ಚಾದರೆ ಮನೆಯ ದಾರಿ. ಬೋರ್ಡಿನ ಮೇಲ್ಗಡೆ ಮಾಲಕರು ಕಾಯಕದ ಮಹಿಮೆಯನ್ನು ದೊಡ್ಡಕ್ಷರದಲ್ಲಿ ಬರೆಸಿದ್ದರು. ದಿನವೂ ವಿಭೂತಿ ಧರಿಸಿ ಲಿಂಗಪೂಜೆ ಮಾಡಿಯೇ ಕಾರ್ಖಾನೆಗೆ ಬರುವ ಮನುಷ್ಯ. ದಾಸೋಹದ ಬಗ್ಗೆಯೂ ಬರೆಸುವವರಿದ್ದರು, ಗೋಡೆ ಸಾಲಲಿಲ್ಲ.

ಇನ್ನು ಕೋಳಿಕಾಲು. ಮೂರು ಗೆರೆಯ ಗುರುತು, ಎಲ್ಲಕ್ಕಿಂತ ಸುಲಭದ್ದು. ಅದರ ಧಣಿ ಖಾನಾಪುರದ ಬಾಜುವಿನ ಹಳ್ಳಿಯ ಕುರಿಗಾರರ ಮನೆಯವನು. ನನಗಿಂತ ಹದಿನೈದು ವರ್ಷ ದೊಡ್ಡವನು, ನಾನು ಕಾಕಾ ಎನ್ನುತ್ತಿದ್ದೆ. ಅವನ ಕೈಯ ತುಂಡು ಕಣ್ಣು ಮುಚ್ಚಿ ಸವರಿದರೂ ತಿಳಿಯುತ್ತಿತ್ತು. ಪ್ರತಿಯೊಬ್ಬರೂ ಉಸುಕನ್ನು ತಮ್ಮದೇ ರೀತಿಯಲ್ಲಿ ಬಡಿಯುತ್ತಾರೆ. ಮೆಣಸಿನಕಾಯಿಯವನ ತುಂಡಿನ ಮೈ ಒರಟು, ಅರ್ಧಚಂದ್ರನದರ ಮೂಲೆಯಲ್ಲಿ ಸಣ್ಣ ಉಬ್ಬು, ಕಾಕಾನದು ಚೆನ್ನಾಗಿ ಬಡಿದ ರೊಟ್ಟಿಯ ಹಾಗೆ ಎಲ್ಲ ಕಡೆ ಒಂದೇ ಸಮ. ಗುರುತು ನೋಡದೆಯೂ ಯಾವುದು ಯಾರದೆಂದು ಹೇಳಬಲ್ಲೆ ಎಂದು ಒಮ್ಮೆ ನಾನು ಫೋರ್‌ಮನ್ನನ ಮುಂದೆ ಜಂಬ ಕೊಚ್ಚಿ, ಹತ್ತಕ್ಕೆ ಹತ್ತು ಸರಿಯಾಗಿ ಹೇಳಿಯೂ ತೋರಿಸಿದ್ದೆ. ಬಾಯಿ ಇದ್ದರೆ ಅದನ್ನು ಯಾವಾಗಲೂ ತೆರೆದೇ ಇಟ್ಟುಕೊಳ್ಳಬೇಕೆಂಬ ವಯಸ್ಸು ಅದು.

ಸಂಘ ಕಟ್ಟುವ ಮಾತು ಶುರುವಾದದ್ದು ರೈಲಿನಲ್ಲಿ. ಮೋಲ್ಡರ್‌ಗಳಲ್ಲಿ ಹೆಚ್ಚಿನವರು ಖಾನಾಪುರದ ಕಡೆಯವರು. ಬೆಳಗಿನ ಪ್ಯಾಸೆಂಜರ್ ಹತ್ತಿ, ದೇಸೂರಿನಲ್ಲಿ ಇಳಿದು, ಅಲ್ಲಿಂದ ಹೊಲದ ದಾರಿ ಹಿಡಿದು ಮಚ್ಛೆಗೆ ನಡೆಯುತ್ತಿದ್ದೆವು. ರೈಲಿನಲ್ಲಿ ಭಜನೆ ಮಾಡುವ ರೂಢಿ ಮೊದಲಿನಿಂದ ಇತ್ತು, ಒಂದು ದಿನ ಮರಾಠಿ ಅಭಂಗ, ಒಂದು ದಿನ ಕನ್ನಡ ಪದ. ಅದೇ ಡಬ್ಬಿಯಲ್ಲಿ ಫೋರ್‌ಮನ್ನನ ಅಳಿಯನೂ ಬರುತ್ತಿದ್ದ, ಅವನ ಕಿವಿ ಕಿಟಕಿಯ ಹಾಗೆ ಸದಾ ತೆರೆದಿರುತ್ತಿತ್ತು. ಆದ್ದರಿಂದ ನಾಲ್ಕು ಜನ ತಾಳ ಕುಟ್ಟುವುದು, ಆ ಸದ್ದಿನ ಮರೆಯಲ್ಲಿ ಉಳಿದವರು ಬೇಡಿಕೆ ಮಾತಾಡುವುದು ಎಂದು ಠರಾವಾಯಿತು. ಎರಡು ತಿಂಗಳಲ್ಲಿ ನಮ್ಮ ಡಬ್ಬಿಗೆ ದೊಡ್ಡ ಭಕ್ತರ ಡಬ್ಬಿ ಎಂಬ ಹೆಸರು ಬಂತು. ನಾನು ಸ್ಟಾಫ್ ಆದರೂ ಊರವನೆಂದು ಕಾಕಾ ನನಗೆ ಕಿಟಕಿಯ ಬಳಿ ಜಾಗ ಹಿಡಿದಿಡುತ್ತಿದ್ದ, ನಾನು ತಾಳ ಹಾಕುತ್ತಿದ್ದೆ.

ಬೇಡಿಕೆ ದೊಡ್ಡದೇನೂ ಅಲ್ಲ, ಬೂಟು. ಹನ್ನೆರಡು ನೂರು ಡಿಗ್ರಿಗೂ ಹೆಚ್ಚು ಕಾದ ರಸವನ್ನು ಹೊತ್ತು ಓಡುವವರ ಕಾಲಲ್ಲಿ ಹಳೇ ಟೈರಿನ ಚಪ್ಪಲಿ. ಒಂದು ಹನಿ ಸಿಡಿದರೆ ಪಾದದಲ್ಲಿ ಕಾಳಿನಷ್ಟು ತೂತು. ಎಲ್ಲರ ಕಾಲಲ್ಲೂ ಅಂಥ ನಾಲ್ಕಾರು ಕಲೆಗಳಿದ್ದವು, ಕಾಕಾನ ಎಡಗಾಲಿನ ಕಿರುಬೆರಳೇ ಇರಲಿಲ್ಲ. ಮಾಲಕರಿಗೆ ಕೇಳಿದರೆ, ಬೂಟು ಹಾಕಿದರೆ ಕಾಲು ಬೆವೆತು ರೋಗ ಬರುತ್ತದೆ ಎಂದು ಕಳಕಳಿಯಿಂದ ಹೇಳಿದರು. ನಮ್ಮ ಆರೋಗ್ಯದ ಬಗ್ಗೆ ಅಷ್ಟು ಚಿಂತೆ ನಮಗೇ ಇರಲಿಲ್ಲ.

ಬೆಳಗಾವಿಯಿಂದ ಒಬ್ಬ ಮುಖಂಡರನ್ನು ಹಿಡಿದು ತಂದರು. ಆಗ ಮುಖಂಡರ ದೊಡ್ಡಸ್ತಿಕೆಯನ್ನು ಎಮರ್ಜೆನ್ಸಿಯಲ್ಲಿ ಹಿಂಡಲಗಾ ಜೈಲಿನಲ್ಲಿ ಎಷ್ಟು ತಿಂಗಳಿದ್ದರು ಎಂಬುದರ ಮೇಲೆ ಅಳೆಯುತ್ತಿದ್ದರು, ಇವರು ಹನ್ನೊಂದು ತಿಂಗಳವರು. ನಾವು ಹೆಸರು ಕೇಳಿರದ ದೇಶಗಳ ಕ್ರಾಂತಿಯ ಬಗ್ಗೆ ಒಂದೂವರೆ ತಾಸು ಮಾತಾಡಿದರು. ಕೊನೆಗೆ, ನೀವು ಕಟ್ಟಿಗೆ ಕೆಲಸದವರೋ ಕಬ್ಬಿಣದವರೋ ಎಂದು ಕೇಳಿದರು.

ಅವರು ಹೋದ ಮೇಲೆ ಅಸಲಿ ಕ್ರಾಂತಿ ಶುರುವಾಯಿತು. ಸಂಘದ ಬೋರ್ಡಿನಲ್ಲಿ ಮೇಲೆ ಕನ್ನಡವೋ ಮರಾಠಿಯೋ? ಮನೆಯಲ್ಲಿ ಎರಡೂ ಮಾತಾಡುವವರು, ಒಂದೇ ತಾಟಿನಲ್ಲಿ ಉಣ್ಣುವವರು, ಬೋರ್ಡಿನ ಮಾತು ಬಂದ ಕೂಡಲೇ ಗಡಿ ಕಾಯುವ ಸೈನಿಕರಾದರು. ಇದರಲ್ಲೇ ಎರಡು ತಿಂಗಳು ಹೋಯಿತು. ಮಾಲಕರು ಆ ಎರಡು ತಿಂಗಳು ಎಂದಿಗಿಂತ ಹೆಚ್ಚು ಪ್ರಸನ್ನರಾಗಿದ್ದರು, ಎರಡೂ ಪಂಗಡದವರಿಗೆ ಬೇರೆ ಬೇರೆಯಾಗಿ, ನಿಮ್ಮದೇ ಸರಿ ಎಂದು ಹೇಳುತ್ತಿದ್ದರು. ಕೊನೆಗೆ ಕಾಕಾ ಒಂದು ಬಿಳೀ ಹಲಗೆಯ ಮೇಲೆ ಬರೀ ಒಂದು ಬೂಟಿನ ಚಿತ್ರ ಬರೆಸಿ ತಂದು, ರೈಲಿನಲ್ಲಿ ಎಲ್ಲರ ಮುಂದೆ ಇಟ್ಟ.

“ನೂರು ಕುರಿ ಕಾಯೂದು ಸಸಾರ,” ಎಂದ. “ಮುಂದಿನದೊಂದು ಹೊಂಟ್ರ ಎಲ್ಲಾ ಹೊಂಟಾವು. ನಿಮ್ಮನ್ನ ಕಾಯಾಕ ಆ ದೇವರಿಗೂ ಆಗಂಗಿಲ್ಲ. ಇದರ ಮ್ಯಾಲ ಅಕ್ಷರ ಇಲ್ಲ. ಈಗ ಯಾರಿಗೆ ಏನ ತ್ರಾಸ ಐತಿ ಹೇಳ್ರಿ.”

ಯಾರಿಗೂ ತ್ರಾಸ ಉಳಿಯಲಿಲ್ಲ. ಅಂದೇ ಇಪ್ಪತ್ತು ಜನರೂ ಸಂಘಕ್ಕೆ ಸೇರಿದರು.

ಮರುವಾರ ಮಾಲಕರು ನನ್ನನ್ನು ಒಳಗೆ ಕರೆಸಿದರು. ಕುಳಿತುಕೋ ಎಂದರು, ಬಸಿ ಸಹಿತ ಕಪ್ಪಿನಲ್ಲಿ ಚಹಾ ತರಿಸಿದರು. ಅಷ್ಟು ದಿನ ನನಗೆ ಕುರ್ಚಿಯೂ ಸಿಕ್ಕಿರಲಿಲ್ಲ, ಬಸಿಯೂ ಸಿಕ್ಕಿರಲಿಲ್ಲ. ಅವ್ವನ ಕ್ಷೇಮ ವಿಚಾರಿಸಿದರು. ನನ್ನ ಕಾಯಂ ಕಾಗದ ಟೈಪಾಗಿ ಟೇಬಲಿನ ಮೇಲಿದೆ, ಸಹಿ ಒಂದು ಬಾಕಿ ಎಂದರು. ಆಮೇಲೆ, ಬಹಳ ಸಹಜವಾಗಿ, ರಸ ಸರಿಯಾಗಿ ತುಂಬದೆ ಗುರುತು ಅರ್ಧಂಬರ್ಧ ಮೂಡಿದ ಹಾಳು ತುಂಡುಗಳನ್ನು ಏನು ಮಾಡುತ್ತೀ ಎಂದು ಕೇಳಿದರು. ಕೈ ನೋಡಿ ಯಾರದೆಂದು ಹೇಳುತ್ತೇನೆ ಎಂದೆ.

“ಕೈ ಗೀ ನೋಡಬ್ಯಾಡ. ಕಾರ್ಖಾನಿ ಅಂದ್ರ ಗುರುತು ನೋಡಿ ಬರೀಬೇಕು,” ಎಂದರು ಮಾಲಕರು. “ತಿಳೀಲಿಲ್ಲ ಅಂದ್ರ ಕೋಳಿಕಾಲಿನ ಕೆಳಗ ಹಾಕು. ಮೂರ ಗೆರಿ ಗುರುತು, ಅದ ಲಗೂನ ಅಳಿಸಿ ಹೋಗತೈತಿ.”

ನನಗೆ ತಿಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ತಿಳಿಯಿತು. ಬಸಿಯಲ್ಲಿ ಉಳಿದ ಚಹಾವನ್ನೂ ಸುರ್ ಎಂದು ಕುಡಿದು, ಹೂಂರೀ ಎಂದು ಎದ್ದು ಬಂದೆ.

ಆ ವಾರ ಕೋಳಿಕಾಲಿನ ಕೆಳಗೆ ಒಂಬತ್ತು ಗೆರೆ ಬಿದ್ದವು. ಒಂದೊಂದು ಗೆರೆ ಎಳೆಯುವಾಗಲೂ ನಾನು ನನಗೆ ಒಂದು ನ್ಯಾಯ ಹೇಳಿಕೊಂಡೆ: ಗುರುತು ಕಾಣುವುದಿಲ್ಲವಲ್ಲ, ಕಾಣದ್ದನ್ನು ಕಂಡಿತೆಂದು ಹೇಗೆ ಹೇಳಲಿ? ವಕೀಲಿ ಓದದೆಯೇ ನನಗೆ ಅಷ್ಟು ಬಂದಿತ್ತು. ಶನಿವಾರ ಫೋರ್‌ಮನ್ ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ, ಗೆರೆಗಳನ್ನು ಒಂದೊಂದಾಗಿ ಎಣಿಸಿ, ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂದು ಹೇಳಿ, ಸೋಮವಾರದಿಂದ ಬರಬೇಡವೆಂದು ಕಾಕಾನಿಗೆ ತಿಳಿಸಿದ. ಕಾಕಾ ಹಾಳು ತುಂಡುಗಳ ರಾಶಿಯ ಬಳಿ ಹೋಗಿ ನಾಲ್ಕೈದನ್ನು ಎತ್ತಿ ತಿರುಗಿಸಿ ನೋಡಿದ. ತನ್ನ ಕರಣಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಗೇಟು ದಾಟಿದ. ಮನೆಯಲ್ಲಿ ಅವನ ಹೆಂಡತಿ, ನಾಲ್ಕು ಮಕ್ಕಳು, ಕಣ್ಣು ಕಾಣದ ತಾಯಿ. ಅವನನ್ನು ಬಿಟ್ಟರೆ ದುಡಿಯುವವರು ಬೇರೆ ಇರಲಿಲ್ಲ. ಸಂಘ ಕಟ್ಟಿದವನೆಂಬ ಸುದ್ದಿ ಬೇರೆ ಫೌಂಡ್ರಿಗಳಿಗೂ ಆಗಲೇ ಮುಟ್ಟಿತ್ತು, ಯಾರೂ ಅವನನ್ನು ಒಳಗೆ ಬಿಡುವಂತಿರಲಿಲ್ಲ.

ಸೋಮವಾರ ನಾನು ರೈಲಿನಲ್ಲಿ ಹಿಂದಿನ ಡಬ್ಬಿಗೆ ಹತ್ತಿದೆ. ತಾಳದ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು, ಎಂದಿಗಿಂತ ಜೋರಾಗಿ. ನನಗೆ ನಾಚಿಕೆಯಾಗಿತ್ತು. ಹಸಿವು ಮಾತ್ರ ಎಂದಿನಂತೆಯೇ ಆಗಿ, ಅವ್ವ ಕಟ್ಟಿದ ಮೂರೂ ರೊಟ್ಟಿಯನ್ನು ದೇಸೂರು ಬರುವುದರೊಳಗೆ ತಿಂದು ಮುಗಿಸಿದ್ದೆ.

ಮಂಗಳವಾರ ಬೆಳಿಗ್ಗೆ ಉಸುಕು ಒಡೆದರು. ಮೊದಲ ತುಂಡು ತಿರುಗಿಸಿದೆ, ಕೋಳಿಕಾಲು. ಹಳೆಯದು ಯಾವುದೋ ಉಳಿದಿರಬೇಕೆಂದು ಬದಿಗಿಟ್ಟೆ. ಎರಡನೆಯದು ಕೋಳಿಕಾಲು. ಮೂರನೆಯದು, ಹತ್ತನೆಯದು, ಐವತ್ತನೆಯದು, ಎಲ್ಲ ಕೋಳಿಕಾಲು. ಒಳ್ಳೆಯ ತುಂಡಿನ ಮೇಲೂ ಅದೇ, ಹಾಳು ತುಂಡಿನ ಮೇಲೂ ಅದೇ. ಒಬ್ಬ ಮನುಷ್ಯನನ್ನು ಹೊರಗೆ ಹಾಕಿದ ಮರುದಿನವೇ ಅವನು ಇಡೀ ಫೌಂಡ್ರಿಯ ಕೆಲಸವನ್ನು ಒಬ್ಬನೇ ಮಾಡಿ ಮುಗಿಸಿದ್ದ. ನನಗೆ ನಗು ಬಂತು.

ಇದನ್ನು ಹೂಡಿದವನು ಮೆಣಸಿನಕಾಯಿ ಎಂದು ಆಮೇಲೆ ತಿಳಿಯಿತು. ಫೋರ್‌ಮನ್ ಕೆಮ್ಮಿದರೆ ಕರಣಿ ಕೆಳಗೆ ಬೀಳಿಸುವಷ್ಟು ಅಂಜುಬುರುಕ. ಆದರೆ ಕಳೆದ ವಾರ ತಾನು ನಾಲ್ಕು ತುಂಡು ಹಾಳು ಮಾಡಿದ್ದು ಅವನಿಗೆ ಗೊತ್ತಿತ್ತು, ತನ್ನ ಚಿತ್ರದ ಕೆಳಗೆ ಒಂದೂ ಗೆರೆ ಇಲ್ಲದ್ದನ್ನೂ ಅವನು ನೋಡಿದ್ದ. ನಾನು ಬರೆದದ್ದನ್ನು ಫೋರ್‌ಮನ್ನನೇ ಅಳಿಸಿ ಬೇರೆ ಬರೆದಿರಬೇಕು ಎಂದು ಅವನೂ ಉಳಿದವರೂ ನಂಬಿದ್ದರು. ಆ ನಂಬಿಕೆಗೆ ನಾನು ಭಂಗ ತರಲಿಲ್ಲ.

ಫೋರ್‌ಮನ್ನನಿಗೆ ಮೈಯಲ್ಲಿ ದೇವರು ಬಂದಂತಾಯಿತು. ಒಬ್ಬೊಬ್ಬನ ತಲೆಯ ಮೇಲೆ ನಿಂತು ಅವನವನ ಗುರುತು ಹಾಕಿಸಿದ. ಅವನು ಮುಂದಿನ ಪೆಟ್ಟಿಗೆಗೆ ತಿರುಗಿದ ಕೂಡಲೇ ಹಿಂದಿನವನು ಅಂಗೈಯಿಂದ ಸವರಿ ಮೂರು ಗೆರೆ ಗೀರುತ್ತಿದ್ದ. ಹತ್ತೊಂಬತ್ತು ಜನರನ್ನು ಎರಡು ಕಣ್ಣು ಎಷ್ಟೆಂದು ಕಾದಾವು? ಕುಡಗೋಲು ಒಂದು ದಿನ ತನ್ನ ಗುರುತು ಹೇಗಿರುತ್ತದೆಂದು ಮರೆತೇ ಹೋಗಿದೆ, ದಯಮಾಡಿ ತೋರಿಸಿಕೊಡಬೇಕು ಎಂದು ಫೋರ್‌ಮನ್ನನನ್ನೇ ಬೇಡಿಕೊಂಡ. ಅದು ಸಾಲದೆಂದು, ಮೊದಲು ಜತನದಿಂದ ಕೆಲಸ ಮಾಡುತ್ತಿದ್ದವರೂ ಈಗ ಆರಾಮಾಗಿ ಬಡಿಯತೊಡಗಿದರು. ಬಂದ ತಪ್ಪೆಲ್ಲ ಊರಲ್ಲಿ ಕೂತ ಕಾಕಾನ ಲೆಕ್ಕಕ್ಕೆ ಹೋಗುತ್ತಿತ್ತು. ಬೋರ್ಡಿನ ಮೇಲೆ ಕೋಳಿಕಾಲಿನ ಕೆಳಗೆ ಜಾಗ ಮುಗಿದು, ನಾನು ಮೇಲ್ಗಡೆಯ ಗೋಡೆಯಲ್ಲಿ, ಕಾಯಕದ ಮಹಿಮೆಯ ನಡುನಡುವೆ, ಗೆರೆ ಎಳೆದೆ.

ಬೇಸಿಗೆ ಬಂದಿತ್ತು, ಪಂಪಿಗೆ ಎಲ್ಲಿಲ್ಲದ ಗಿರಾಕಿ. ಎರಡನೆಯ ವಾರ ಮಾಲಕರೇ ಶೆಡ್ಡಿಗೆ ಇಳಿದರು. ಎಂಟು ಹಾಳು ತುಂಡುಗಳನ್ನು ಸಾಲಾಗಿ ಇಡಿಸಿದರು. ಈ ಹುಡುಗ ಕಣ್ಣು ಮುಚ್ಚಿ ಯಾರ ಕೈಯದೆಂದು ಹೇಳುತ್ತಾನೆ ಎಂದು ಫೋರ್‌ಮನ್ ನನ್ನ ಹಳೆಯ ಜಂಬವನ್ನು ಹೆಮ್ಮೆಯಿಂದ ವರದಿ ಮಾಡಿದ. ಮೋಲ್ಡರ್‌ಗಳೆಲ್ಲ ಉಸುಕು ಬಡಿಯುವುದನ್ನು ನಿಲ್ಲಿಸಿದರು. ನಾನು ಬಾಗಿ ನೋಡಿದೆ. ಮೊದಲ ಮೂರು ಮೆಣಸಿನಕಾಯಿಯವು, ಮುಂದಿನ ನಾಲ್ಕು ಅರ್ಧಚಂದ್ರನವು, ಕೊನೆಯದು ಕುಡಗೋಲಿನದು. ಓದು ಬಲ್ಲವನಿಗೆ ಅಕ್ಷರ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮೆಣಸಿನಕಾಯಿ ನನ್ನನ್ನೇ ನೋಡುತ್ತಿದ್ದ.

“ಹೇಳಪಾ, ಇವು ಯಾರ್ಯಾರೂವು?” ಎಂದರು ಮಾಲಕರು.

“ಎಲ್ಲಾ ಕೋಳಿಕಾಲಿನೂವು ಅದಾವ್ರೀ,” ಎಂದೆ.

“ಅಂವಾ ಎಲ್ಲಿ ಅದಾನೋ ಇಲ್ಲಿ? ಹತ್ತ ದಿನಾ ಆತು ಹೋಗಿ.”

“ಅದು ನನಗ ಗೊತ್ತಿಲ್ರೀ. ಕೈ ನೋಡಬ್ಯಾಡ, ಗುರುತು ನೋಡಿ ಬರಿ ಅಂತ ನೀವ ಹೇಳಿದ್ರಿ.”

ನನ್ನ ಬದುಕಿನಲ್ಲಿ ನಾನು ತೋರಿಸಿದ ಧೈರ್ಯ ಒಟ್ಟು ಇಷ್ಟೇ. ಅದೂ ಒಂದು ಸುಳ್ಳು. ಮಾಲಕರು ಹೇಳಿಕೊಟ್ಟ ಪಾಠವನ್ನೇ ನಾನು ಒಪ್ಪಿಸಿದ್ದರಿಂದ ಬೈಯಲು ಆಗಲಿಲ್ಲ. ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು ಒಳಗೆ ಹೋದರು.

ಮೂರು ದಿನ ಬಿಟ್ಟು, ಬಸವ ಜಯಂತಿ ಬಂದದ್ದರಿಂದ ಎಲ್ಲವನ್ನೂ ಕ್ಷಮಿಸಿದ್ದೇನೆ ಎಂದು ಮಾಲಕರು ಹೇಳಿ ಕಳಿಸಿದರು. ಯಾರು ಯಾರನ್ನು ಕ್ಷಮಿಸಿದ್ದು ಎಂದು ಯಾರೂ ಕೇಳಲಿಲ್ಲ. ಕಾಕಾ ಕರಣಿ ಹಿಡಿದು ಮರಳಿ ಬಂದ, ಮೋಲ್ಡರ್‌ಗಳು ತಂತಮ್ಮ ಗುರುತಿಗೆ ಮರಳಿದರು. ಬೂಟುಗಳೂ ಬಂದವು. ಎಲ್ಲವೂ ಒಂಬತ್ತನೆಯ ನಂಬರಿನವು, ಎಲ್ಲಿಯೋ ಸಗಟಾಗಿ ಸಿಕ್ಕಿದ್ದವಂತೆ. ಸಣ್ಣ ಕಾಲಿನವರು ಚಿಂದಿ ತುರುಕಿಕೊಂಡು ಬಾತುಕೋಳಿಗಳಂತೆ ನಡೆದಾಡಿದರು. ಬೆಳಗಾವಿಯ ಮುಖಂಡರು ಬಂದು, ತಮ್ಮ ಮುಂದಾಳತ್ವದ ಈ ಗೆಲುವಿನ ಬಗ್ಗೆ ಎರಡು ತಾಸು ಮಾತಾಡಿ, ಒಂದು ಜೋಡಿ ಬೂಟು ತಾವೂ ಒಯ್ದರು.

ಅದೇ ವಾರ ನನ್ನ ಕಾಯಂ ಕಾಗದಕ್ಕೆ ಸಹಿ ಬಿತ್ತು. ಮಾಲಕರು ಕೊಟ್ಟ ಮಾತಿಗೆ ತಪ್ಪುವವರಲ್ಲ, ನನ್ನ ದುರ್ದೈವಕ್ಕೆ. ಅವ್ವ ಮತ್ತೊಮ್ಮೆ ಸಕ್ಕರೆ ಹಂಚಿದಳು.

ಕಾಕಾ ರೈಲಿನಲ್ಲಿ ನನಗೆ ಮೊದಲಿನಂತೆಯೇ ಕಿಟಕಿಯ ಬಳಿ ಜಾಗ ಹಿಡಿದಿಡುತ್ತಿದ್ದ. ಮಾಲಕರ ಮುಂದೆ ನಾನು ಹೇಳಿದ ಮಾತನ್ನು ಮೆಣಸಿನಕಾಯಿ ದಿನಕ್ಕೊಮ್ಮೆ ಅಭಿನಯಿಸಿ ತೋರಿಸುತ್ತಿದ್ದ, ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ತಾಳ ಹಾಕುತ್ತ ನಗುತ್ತಿದ್ದೆ. ಆ ಒಂಬತ್ತು ಗೆರೆ ಎಳೆದ ಕೈ ಇದೇ ಎಂದು ಯಾರಿಗೂ ಗೊತ್ತಿಲ್ಲ ಎಂಬ ನೆಮ್ಮದಿ ನನಗಿತ್ತು. ಗೊತ್ತಾಗಿದ್ದರೆ ನನ್ನನ್ನು ಓಡುವ ರೈಲಿನಿಂದ ಇಳಿಸುತ್ತಿದ್ದರು, ಅದೂ ಸ್ಟೇಷನ್ ಬರುವ ಮೊದಲೇ.

ಕಾಕಾ ಮರಳಿ ಬಂದು ಮೂರು ವಾರವಾಗಿರಬಹುದು. ಒಂದು ಬೆಳಿಗ್ಗೆ ನಾನು ಬಡಿದ ತುಂಡೊಂದು ಸತ್ತ ದನಿ ಕೊಟ್ಟಿತು. ತಿರುಗಿಸಿದರೆ ಅಡಿಯಲ್ಲಿ ಹೆಬ್ಬೆರಳು ತೂರುವಷ್ಟು ಗಾಳಿ ತೂತು. ಮೈ ನುಣುಪು, ಎಲ್ಲ ಕಡೆ ಒಂದೇ ಸಮ. ಗುರುತು ಕೋಳಿಕಾಲು, ಮೂರು ಗೆರೆಯೂ ಸ್ಪಷ್ಟ. ಆ ವಾರ ಅವನ ಹೆಸರಿನಲ್ಲಿ ಆಗಲೇ ಐದಾಗಿದ್ದವು, ಇದು ಆರನೆಯದು, ಬೈಗುಳ ತರುವುದು. ಆಚೀಚೆ ನೋಡಿದೆ. ಫೋರ್‌ಮನ್ ಭಟ್ಟಿಯ ಹತ್ತಿರ ಇದ್ದ. ತೂತು ಕೆಳಗಾಗುವಂತೆ ತುಂಡನ್ನು ಮಗುಚಿ ಒಳ್ಳೆಯ ತುಂಡುಗಳ ಸಾಲಿಗೆ ನೂಕಿದೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಎದೆ ಹಗುರಾಗಿ ನಾನು ತಲೆ ಎತ್ತಿದರೆ ಕಾಕಾ ಎದುರಿಗೆ ನಿಂತಿದ್ದ. ಒಂಬತ್ತನೆಯ ನಂಬರಿನ ಬೂಟಿನ ತುದಿಯಿಂದ ಆ ತುಂಡನ್ನು ಮತ್ತೆ ಮಗುಚಿದ. ತೂತಿನಲ್ಲಿ ಬೆರಳಿಟ್ಟು ನೋಡಿದ. ಪೆಟ್ಟಿಗೆ ಮುಚ್ಚುವಾಗ ಉಸುಕಿನಲ್ಲಿ ನೀರು ಹೆಚ್ಚಾಗಿತ್ತು ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ನನ್ನ ಕಡೆ ನೋಡಿ, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ.

“ಆವತ್ತಿನ ಒಂಬತ್ತ ಗೆರ್ಯಾಗ ಎರಡ ನನೂವು ಇದ್ದು, ತಮ್ಮಾ. ಉಳಿದ ಏಳು ಯಾರೂವು ಅಂತ ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಇದು ಮಾತ್ರ ನಂದ ಐತಿ. ಬರಿ.”

ನಾನು ಬೋರ್ಡಿನ ಬಳಿ ಹೋಗಿ ಬರೆದೆ. ನಾನು ತಿರುಗುವಷ್ಟರಲ್ಲಿ ಅವನು ತನ್ನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಉಸುಕು ಬಡಿಯಲು ಶುರುಮಾಡಿದ್ದ.